ಅತ್ತೆಯ ಕಾಫಿಯಲ್ಲಿ ಎದ್ದ ನೊರೆ

“ನೀನು ಒಂದು ಚಮಚವನ್ನೂ ಮುಟ್ಟಕೂಡದು! ಇನ್ನು ಹದಿನೈದು ದಿನ ಈ ಮನೆಯ ಮುಸುರೆಗೆಲ್ಲ ನಾನೇ ಒಡೆಯ!”

ಟೈಲರ್ ಮಾಸ್ತರರು ಸೊಂಟಕ್ಕೆ ಟವೆಲ್ ಬಿಗಿದು ಹೀಗೆ ಘೋಷಿಸಿದ್ದು ಮದುವೆಯಾದ ಎರಡನೆಯ ವರ್ಷ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಹಿಂದೆ, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಅಡುಗೆಮನೆ. ಆಗ ಅಷ್ಟೇ ಸಂಸಾರ. ಬಿಲ್ಲೆ ಸೋಪು ತಿಕ್ಕಿ ತಿಕ್ಕಿ ಹೆಂಡತಿಯ ಬೆರಳ ಸಂದಿಯೆಲ್ಲ ಬಿರುಕು ಬಿಟ್ಟಿತ್ತು. ಶಾಲೆಯಲ್ಲಿ ಪಾಠ ಮಾಡಲು ಸೀಮೆಸುಣ್ಣ ಹಿಡಿದರೂ ಉರಿ. ಡಾಕ್ಟರು ಮುಲಾಮು ಹಚ್ಚಿ, ಬಟ್ಟೆ ಸುತ್ತಿ, “ಹದಿನೈದು ದಿನ ಸೋಪಿನ ನೀರು ಮುಟ್ಟಬೇಡಿ” ಎಂದಿದ್ದರು.

“ರೀ, ನಿಮಗೆ ಅಭ್ಯಾಸ ಇಲ್ಲ...”

“ಸೂಜಿ ಕಣ್ಣಲ್ಲಿ ದಾರ ತೂರಿಸೋನಿಗೆ ಲೋಟದ ಬಾಯಲ್ಲಿ ಕೈ ತೂರಿಸೋದು ಕಷ್ಟಾನಾ?”

ಪಾತ್ರೆ ಸೋಪು ನೀರಿನ ರೂಪ ತಾಳಿ ಬಾಟಲಿಯಲ್ಲಿ ಬರತೊಡಗಿದ್ದ ಹೊಸ ಕಾಲ ಅದು. ಮಾಸ್ತರರು ನಿಂಬೆ ಪರಿಮಳದ ಹಸಿರು ಬಾಟಲಿಯೊಂದನ್ನು ಯುದ್ಧದಲ್ಲಿ ಗೆದ್ದವರಂತೆ ಎತ್ತಿಹಿಡಿದು ಮನೆಗೆ ತಂದರು. ಅದರ ಮೇಲೆ ಸಣ್ಣಕ್ಷರದಲ್ಲಿ ಏನೇನೋ ಬರೆದಿತ್ತು. ಓದಲಿಲ್ಲ. ಬಟ್ಟೆ ಕತ್ತರಿಸುವಾಗ ಎರಡು ಬೆರಳು ಹೆಚ್ಚೇ ಬಿಡುವುದು ಅವರ ವೃತ್ತಿಧರ್ಮ. ಆ ಧರ್ಮಕ್ಕೆ ಚ್ಯುತಿ ಬರದಂತೆ ಸಿಂಕಿನ ತೂತು ಮುಚ್ಚಿ, ನೀರು ತುಂಬಿ, ತಟ್ಟೆ, ಲೋಟ, ಚಾಕು ಎಲ್ಲವನ್ನೂ ಒಟ್ಟಿಗೆ ಮುಳುಗಿಸಿ, ಬಾಟಲಿಯನ್ನು ಬಗ್ಗಿಸಿದರು!

ನೊರೆ ಎದ್ದಿತು. ಮೊದಲು ಗುಡ್ಡ, ಆಮೇಲೆ ಪರ್ವತ! ಸಿಂಕಿನ ಅಂಚು ದಾಟಿ, ಕಟ್ಟೆ ಇಳಿದು, ಪಾತ್ರೆಗಿಂತ ಮೊದಲು ಮಾಸ್ತರರ ಪಾದವನ್ನೇ ತೊಳೆಯಿತು. ಜಾಲಿಸಿದಷ್ಟೂ ನೊರೆ. ಅಷ್ಟರಲ್ಲಿ ನಲ್ಲಿ ನೀರೂ ಸಣ್ಣಗಾಯಿತು. ‘ಒಣಗಿದರೆ ಎಲ್ಲ ಹೋಗುತ್ತೆ’ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ನಾಲ್ಕು ಪಾತ್ರೆ ಕವುಚಿಟ್ಟರು.

ಅದೇ ಹೊತ್ತಿಗೆ ಬಾಗಿಲಲ್ಲಿ ಅತ್ತೆ! ಮಗಳ ಕೈ ನೋಡಿಕೊಂಡು ಹೋಗಲು ಬಂದಿದ್ದರು. ಅಳಿಯ ಹಿಗ್ಗಿ ಹೀರೇಕಾಯಾಗಿ, ಆಗತಾನೇ ತೊಳೆದ ಪಾತ್ರೆಯಲ್ಲೇ ಕಾಫಿ ಮಾಡಿ ತಂದರು.

“ಎಂಥಾ ನೊರೆ ಬಂದಿದೆ ಅಳಿಯಂದಿರೇ! ನನ್ನ ಮಗಳಿಗೆ ಯಾವತ್ತೂ ಹೀಗೆ ಬಂದಿಲ್ಲ!”

ಮಾಸ್ತರರು ಹೆಂಡತಿಯ ಕಡೆ ‘ಕೇಳಿಸ್ತಾ?’ ಎಂಬಂತೆ ನೋಡಿದರು. ಅತ್ತೆ ಒಂದು ಗುಟುಕು ಬಾಯಿಗಿಟ್ಟು ಹಾಗೇ ನಿಂತರು. ನುಂಗಲಿಲ್ಲ, ಉಗುಳಲಿಲ್ಲ. ಕೊನೆಗೆ ಕಿಟಕಿಯಾಚೆ ಉಗುಳಿ, ಮೆಲ್ಲಗೆ ಕೇಳಿದರು: “ಇದಕ್ಕೆ ನಿಂಬೆಹಣ್ಣು ಹಿಂಡಿದ್ದೀರಾ?”

“ಅಯ್ಯೋ, ಅದು ಸೋಪು! ಅಮ್ಮಾ, ಬಾಯಿ ಮುಕ್ಕಳಿಸು! ರೀ, ನೀರು ತನ್ನಿ, ನೀರು!”

ಮಾಸ್ತರರು ಒಳಗೆ ಓಡಿ, ಲೋಟಕ್ಕಾಗಿ ನೊರೆಯೊಳಗೆ ಕೈ ತೂರಿಸಿದರು. ಸಿಕ್ಕಿದ್ದು ಲೋಟವಲ್ಲ, ಚಾಕು. ಬಿಳಿ ನೊರೆಯ ಮೇಲೆ ಕೆಂಪು ಹರಡಿತು. ಹೆಬ್ಬೆರಳು! ಬಟ್ಟೆ ಹಿಡಿಯುವ, ಮನೆ ನಡೆಸುವ ಬೆರಳು!

ಬಾಯಿ ಮುಕ್ಕಳಿಸಿ ಬಂದ ಅತ್ತೆಯೇ ಅವರನ್ನು ಕೂರಿಸಿ, ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಹೊಸ ಬಟ್ಟೆಯ ಚೂರು ತಂದು ಬೆರಳನ್ನು ಒತ್ತಿ ಹಿಡಿದರು. “ಆಳ ಇಲ್ಲ, ಹೆದರಬೇಡಿ. ಎರಡು ದಿನಕ್ಕೆ ಮಾಗುತ್ತೆ.”

ಹೆಂಡತಿ ಬಾಟಲಿ ತಿರುಗಿಸಿ, ತರಗತಿಯಲ್ಲಿ ಓದುವ ದನಿಯಲ್ಲೇ ಓದಿದಳು: “ಒಂದು ಬೋಗುಣಿ ನೀರಿಗೆ ಒಂದು ಚಮಚ. ತೊಳೆದ ಮೇಲೆ ಚೆನ್ನಾಗಿ ಜಾಲಿಸಿ. ನೀವೆಷ್ಟು ಹಾಕಿದ್ರಿ?”

“ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಅರ್ಧ... ಬಾಟಲಿ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ಮಾಸ್ತರರು ತಲೆ ತಗ್ಗಿಸಿದರೂ ಒಳಗೊಳಗೇ ಹಗುರಾದರು. ಸದ್ಯ, ಈ ಕೆಲಸದಿಂದ ಕೈ ತೊಳೆದುಕೊಂಡ ಹಾಗಾಯಿತು!

ನಗು ನಿಂತ ಮೇಲೆ ಅತ್ತೆ ಎಂದರು: “ನಿಮ್ಮ ಮಾವನೋರೂ ಹೊಸದರಲ್ಲಿ ಒಂದು ದಿನ ಪಾತ್ರೆಗೆ ಕೈ ಹಾಕಿದ್ರು. ಮೂರು ಲೋಟ ಒಡೆದ್ರು. ಇನ್ನು ಈ ಕಡೆ ತಲೆ ಹಾಕಬೇಡಿ ಅಂತ ಬೈದು ಕಳಿಸಿದೆ. ಆಮೇಲೆ ನಲವತ್ತು ವರ್ಷ ಅವರು ಅಡುಗೆಮನೆಗೆ ಬರಲೇ ಇಲ್ಲ. ಅವರು ಹೋದ ಮೇಲೆ ಈಗ ಒಬ್ಬಳೇ ತೊಳೀತಾ ನಿಂತಾಗ ಅನ್ಸುತ್ತೆ, ಹೋಗಲಿ, ಇನ್ನು ಮೂರು ಒಡೀಲಿ ಅಂತ ಬಿಡಬೇಕಿತ್ತು. ಪಕ್ಕದಲ್ಲಾದ್ರೂ ನಿಂತಿರ್ತಿದ್ರು.”

ಹೆಂಡತಿ ತಾಯಿಯ ಹೆಗಲ ಮೇಲೆ ಕೈಯಿಟ್ಟಳು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು.

“ಅದಕ್ಕೇ ಅಳಿಯಂದಿರೇ, ನಿಮ್ಮನ್ನ ಬಿಡೋ ಮಾತೇ ಇಲ್ಲ. ಬೆರಳು ಮಾಗೋವರೆಗೂ ನಾನು ಇಲ್ಲೇ ಇರ್ತೀನಿ. ಆಮೇಲೆ ಒಂದೊಂದಾಗಿ ಕಲಿಸ್ತೀನಿ!”

ಕಲಿಸಿಯೇ ಹೋದರು. ಎಷ್ಟೋ ವರ್ಷಗಳಾದವು. ಅತ್ತೆ ಈಗಿಲ್ಲ. ಮಾಸ್ತರರು ಅಂಗಡಿ ಮುಚ್ಚಿದರು, ಹೆಂಡತಿಗೆ ಶಾಲೆಯವರು ಹಾರ ಹಾಕಿ ಕಳಿಸಿಕೊಟ್ಟರು. ಮಾಸ್ತರರಿಗೆ ಮಾತ್ರ ಸಿಂಕಿನ ಕೆಲಸದಿಂದ ಇವತ್ತಿನವರೆಗೂ ನಿವೃತ್ತಿ ಸಿಕ್ಕಿಲ್ಲ!