ಮೆಟ್ಟಿಲು ಇಳಿಯುವ ವಿದ್ಯೆ

ಕೆಲವರಿಗೆ ಮನೆತನದಿಂದ ಸಂಗೀತ ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ. ನನಗೆ ನಮ್ಮಮ್ಮನಿಂದ ಬಂದದ್ದು ಚೌಕಾಸಿ. ಇದನ್ನು ಜಂಬದಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಬಸವನಗುಡಿಯ ನಮ್ಮ ನೆಂಟರಿಷ್ಟರಲ್ಲಿ ಯಾರ ಮನೆಯ ಮದುವೆ ಗೊತ್ತಾದರೂ, ಪುರೋಹಿತರಿಗೆ ಹೇಳುವ ಮೊದಲು ನನಗೆ ಫೋನು ಬರುತ್ತಿತ್ತು. 'ನಗರ್ತಪೇಟೆಗೆ ಬಟ್ಟೆ ತರೋಕೆ ಹೋಗ್ತಿದೀವಿ ಕಣೆ, ನೀನು ಬರ್ಲೇಬೇಕು' ಎಂದು ದುಂಬಾಲು ಬೀಳುತ್ತಿದ್ದರು. ಹೆಸರಿಗೆ ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಆದರೆ ನನ್ನ ಗಣಿತಕ್ಕೆ ನಿಜವಾದ ಮರ್ಯಾದೆ ಸಿಗುತ್ತಿದ್ದದ್ದು ಅಂಗಡಿಯವರ ಕ್ಯಾಲ್ಕುಲೇಟರಿನ ಎದುರಿಗೆ.

ನಮ್ಮಮ್ಮ ಈ ವಿದ್ಯೆಯನ್ನು ಪುಸ್ತಕವಿಲ್ಲದೆ, ಬೆತ್ತವಿಲ್ಲದೆ ಕಲಿಸಿದಳು. ಇಷ್ಟವಾದದ್ದು ಮುಖದಲ್ಲಿ ಕಾಣಬಾರದು, ಅದೇ ಓನಾಮ. ಮನಸ್ಸಿಗೆ ಬಂದ ಸೀರೆಯನ್ನು ಮೊದಲು ಪಕ್ಕಕ್ಕೆ ತಳ್ಳಬೇಕು. ಬೇಡದ ಸೀರೆಗಳನ್ನೆಲ್ಲ ಬಿಡಿಸಿ, ಬೆಳಕಿಗೆ ಹಿಡಿದು, ಅಂಚು ಸವರಿ ನೋಡಬೇಕು. ಇನ್ನೇನು ಏಳಬೇಕೆನ್ನುವಾಗ ಏನೋ ನೆನಪಾದವಳ ಹಾಗೆ 'ಅದೇನದು, ಅದಕ್ಕೆಷ್ಟು?' ಎಂದು ಬೆರಳು ತೋರಿಸಬೇಕು. ಅಂಗಡಿಯವನು ಹೇಳಿದ ಬೆಲೆಗೆ ನಗಬೇಕು; ಜೋರಾಗಿ ಅಲ್ಲ, ಪಾಪ ಎನ್ನುವ ಹಾಗೆ. ಅವನೊಂದು ಹೇಳಿ, ನಾವೊಂದು ಹೇಳಿ, ಮಾತು ಒಂದು ಕಡೆ ನಿಂತುಬಿಟ್ಟಾಗ ಎದ್ದು ಅಂಗಡಿಯ ಮೆಟ್ಟಿಲು ಇಳಿಯಬೇಕು. ಎಲ್ಲ ವಿದ್ಯೆಯೂ ಇರುವುದು ಆ ಇಳಿಯುವುದರಲ್ಲೇ. ಬೇಗ ಇಳಿದರೆ ಸಿಟ್ಟು ಬಂದಿದೆ ಎಂದುಕೊಂಡು ಬಿಟ್ಟುಬಿಡುತ್ತಾನೆ. ತೀರಾ ನಿಧಾನವಾದರೆ ಆಸೆಯಿದೆ ಎಂದು ಗೊತ್ತಾಗಿಬಿಡುತ್ತದೆ. ಹಿಂದಕ್ಕೆ ತಿರುಗಿ ನೋಡಲಂತೂ ಕೂಡದು. ಸೆರಗು ಸರಿಮಾಡಿಕೊಳ್ಳುತ್ತ, ಚಪ್ಪಲಿ ಹುಡುಕುತ್ತ ಇಳಿಯಬೇಕು. ಆಗ ಬೆನ್ನ ಹಿಂದಿನಿಂದ 'ಬನ್ನಿ ಅಮ್ಮಾ ಬನ್ನಿ, ನಿಮ್ ಮಾತೇ ಆಗ್ಲಿ' ಎಂಬ ಕರೆ ಬರುತ್ತದೆ. ನನ್ನ ಅನುಭವದಲ್ಲಿ ಆ ಕರೆ ಬರದೇ ಇದ್ದದ್ದಿಲ್ಲ. ಒಮ್ಮೆ ಬಳೇಪೇಟೆಯಲ್ಲಿ ಅಂಗಡಿಯವನೊಬ್ಬ ತಳ್ಳುಗಾಡಿಗಳ ನಡುವೆ ಅರ್ಧ ಬೀದಿ ಓಡಿಬಂದು ನನ್ನ ಕೈಚೀಲವನ್ನೇ ಹಿಡಿದುಕೊಂಡಿದ್ದ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಹೋದ ವರ್ಷ ನನಗೆ ಮಸ್ಕತ್ತಿನಿಂದ ಒಂದು ಕೆಲಸ ಬಂತು. ಅಲ್ಲಿ ನಮ್ಮವರ ಮಕ್ಕಳು ಓದುವ ಒಂದು ಶಾಲೆಗೆ ಗಣಿತದ ಟೀಚರು ಬೇಕಾಗಿತ್ತು. ಸಹೋದ್ಯೋಗಿಯೊಬ್ಬಳು ಸುಮ್ಮನೆ ಒಂದು ಅರ್ಜಿ ಹಾಕಿ ನೋಡಿ ಎಂದಳು, ಹಾಕಿದೆ. ವಿಡಿಯೋದಲ್ಲಿ ಸಂದರ್ಶನವೂ ಆಯಿತು. ಆ ಶಾಲೆಯ ಆಡಳಿತ ನೋಡಿಕೊಳ್ಳುವ ಹೆಂಗಸು ಬಲು ಸೌಮ್ಯವಾಗಿ, ನಿಮಗೆ ನಮ್ಮ ಊರಿಗೆ ಬರಬೇಕೆಂದು ಯಾಕೆ ಅನ್ನಿಸಿತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮಮ್ಮನ ಓನಾಮ ನೆನಪಾಯಿತು. ಹಾಗೇನಿಲ್ಲ, ಹೀಗೇ ನೋಡೋಣ ಅಂತ, ಎಂದುಬಿಟ್ಟೆ. ಅಷ್ಟಾದರೂ ಅವರು ನನ್ನನ್ನು ಒಪ್ಪಿದ್ದು ನನ್ನ ಲೆಕ್ಕ ಚೆನ್ನಾಗಿದ್ದುದರಿಂದಲೇ ಇರಬೇಕು.

ಸುದ್ದಿ ಕೇಳಿ ನಮ್ಮ ಯಜಮಾನರಿಗೆ ಆದ ಸಂತೋಷ ಹೇಳತೀರದು. ಇವರು ಬ್ಯಾಂಕಿನಲ್ಲಿ ಬೇರೆಯವರ ದುಡ್ಡು ಎಣಿಸಿ ಎಣಿಸಿ ಸಾಕಾಗಿ ಬೇಗನೇ ನಿವೃತ್ತಿ ತೆಗೆದುಕೊಂಡವರು. ಮಗಳು ಮೈಸೂರಿನಲ್ಲಿ ಕೆಲಸಕ್ಕೆ ಸೇರಿ ತನ್ನ ಪಾಡಿಗೆ ತಾನಿದ್ದಳು. ಮಸ್ಕತ್ತು ಕಡಲ ತೀರದ ಊರು; ಇವರಿಗೆ ಚಿಕ್ಕಂದಿನಿಂದ ನೀರು ಕಂಡರೆ ಆಸೆ. ಲಾಲ್‌ಬಾಗಿನ ಕೆರೆ ಏರಿಯ ಮೇಲೆ ದಿನಾ ವಾಕಿಂಗ್ ಮಾಡುವುದೂ ಅದಕ್ಕೇ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಹುಟ್ಟಿ ಬೆಳೆದವರಿಗೆ ಅಷ್ಟೊಂದು ನೀರು ಒಂದೇ ಕಡೆ ಕಂಡರೆ ಹೇಗಾಗಬೇಡ! 'ಸಮುದ್ರದ ಎದುರು ಕೂತು ಫಿಲ್ಟರ್ ಕಾಫಿ ಕುಡೀಬೇಕು ಕಣೆ, ಅಷ್ಟೇ ನನ್ ಆಸೆ' ಎಂದರು. ಮರುವಾರವೇ ನನಗೆ ಹೇಳದೆ ಕೇಳದೆ ಹತ್ತಿರದ ಈಜುಕೊಳಕ್ಕೆ ಸೇರಿಕೊಂಡರು. 'ಕಡಲ ಪಕ್ಕ ಮನೆ ಮಾಡ್ಕೊಂಡು ಈಜು ಬರಲ್ಲ ಅಂದ್ರೆ ಜನ ನಗ್ತಾರೆ' ಎಂಬುದು ಅವರ ವಾದ. ತಲೆ ನರೆತ ಮೇಲೆ, ಪ್ರೈಮರಿ ಮಕ್ಕಳ ಜೊತೆ ಸಾಲಾಗಿ ಕೊಳದ ಅಂಚು ಹಿಡಿದು ಕಾಲು ಬಡಿಯುತ್ತಿದ್ದರು. ಆ ಮಕ್ಕಳು ಇವರನ್ನು ಹೆಸರು ಹಿಡಿದೇ ಕರೆಯುತ್ತಿದ್ದುವಂತೆ.

ನಾನು ಮಾತ್ರ ಲೆಕ್ಕಕ್ಕೆ ಕೂತೆ. ಸಹೋದ್ಯೋಗಿಯ ನಾದಿನಿಯೊಬ್ಬಳು ಮಸ್ಕತ್ತಿನಲ್ಲಿದ್ದಳು. ಪಾಪ, ಆಕೆಗೆ ದಿನಾ ವಾಟ್ಸಾಪಿನಲ್ಲಿ ನನ್ನ ಪ್ರಶ್ನೆಗಳು. ತೆಂಗಿನಕಾಯಿ ಎಷ್ಟು? ಹುಣಸೆಹಣ್ಣು ಎಷ್ಟು? ಕಾಫಿಪುಡಿಗೆ ಚಿಕೋರಿ ನಾವು ಹೇಳಿದಷ್ಟು ಹಾಕಿಕೊಡುತ್ತಾರಾ? ಅವರೆಕಾಯಿ ಕಾಲದಲ್ಲಿ ಅವರೆಕಾಯಿ ಸಿಗುತ್ತದಾ, ಸಿಕ್ಕರೆ ಸೊಗಡಿರುತ್ತದಾ? ಒಂದು ರಿಯಾಲ್ ಎಂದರೆ ಇನ್ನೂರಕ್ಕೂ ಹೆಚ್ಚು ರೂಪಾಯಿ ಎಂದು ತಿಳಿದ ಮೇಲಂತೂ ನಾನು ರಿಯಾಲನ್ನು ರಿಯಾಲಾಗಿ ನೋಡುವುದನ್ನೇ ಬಿಟ್ಟೆ. ಎಲ್ಲವನ್ನೂ ಗಾಂಧಿಬಜಾರಿಗೆ ಎಳೆದು ತಂದು ಗುಣಿಸುತ್ತಿದ್ದೆ. ಸಂಬಳವೂ ರಿಯಾಲಿನಲ್ಲೇ ಬರುತ್ತದೆ ಎಂಬುದು ಗಣಿತದ ಮೇಡಮ್ಮಿಗೆ ಹೊಳೆಯಲೇ ಇಲ್ಲ. ಹೊಳೆದರೂ ಅದನ್ನು ನಮ್ಮಮ್ಮನ ವಿದ್ಯೆ ಒಪ್ಪುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ನನ್ನ ಹೊಟ್ಟೆ ಉರಿಸಿದ್ದು ಕೊತ್ತಂಬರಿ ಸೊಪ್ಪು. ಅಲ್ಲಿ ಅದಕ್ಕೂ ದುಡ್ಡು ಕೊಡಬೇಕಂತೆ! ತರಕಾರಿ ಕೊಂಡ ಮೇಲೆ ಕರಿಬೇವು, ಕೊತ್ತಂಬರಿ ಕೊಸರಾಗಿ ಚೀಲಕ್ಕೆ ಬೀಳುವುದು ನಮ್ಮಲ್ಲಿ ಹುಟ್ಟಿನಿಂದ ಬಂದ ಹಕ್ಕು. ಕೊಸರು ಕೊಡದ ದೇಶದಲ್ಲಿ ಮನುಷ್ಯರು ಹೇಗೆ ಬಾಳುತ್ತಾರೆ ಎಂದು ಕೇಳಿದ್ದಕ್ಕೆ ಆಕೆ, 'ಆಂಟಿ, ಇಲ್ಲೂ ಜನ ಬದುಕ್ತಿದಾರೆ' ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದಳು. ಆಮೇಲೆ ಆಕೆಯ ಉತ್ತರಗಳು ಚಿಕ್ಕವಾಗುತ್ತ ಬಂದವು.

ಮನೆ ಬಾಡಿಗೆಯ ವಿಷಯದಲ್ಲಿ ಲೆಕ್ಕ ನಿಂತುಹೋಯಿತು. ಶಾಲೆಯವರು ಬಾಡಿಗೆಗೆಂದು ಕೊಡುವುದರಲ್ಲಿ ಊರ ಒಳಗೆ ಒಂದು ಅಚ್ಚುಕಟ್ಟಾದ ಮನೆ ಸಿಗುತ್ತಿತ್ತು. ಕಿಟಕಿಯಿಂದ ಕಡಲು ಕಾಣಬೇಕೆಂದರೆ ಕೈಯಿಂದ ಹಾಕಬೇಕು. ಕಡಲನ್ನು ಯಾರೂ ಮಾಡಿಟ್ಟದ್ದಲ್ಲ, ಅದಕ್ಕೇಕೆ ದುಡ್ಡು ಎಂದು ನಾನು ರೇಗಿದೆ. ಇವರು ಒದ್ದೆ ತಲೆ ಒರೆಸಿಕೊಳ್ಳುತ್ತ ನನ್ನ ಹಾಳೆಯ ಮೇಲೆ ಬಗ್ಗಿ ನೋಡಿದರು. 'ಎಲ್ಲ ಬರ್ಕೊಂಡಿದೀಯಲ್ಲ, ಹುಣಸೆಹಣ್ಣು ಕೂಡ. ಸಮುದ್ರಕ್ಕೆ ಎಷ್ಟು ಅಂತ ಹಾಕಿದೀಯಾ?' ಎಂದು ಕೇಳಿದರು. ನಾನು ಬಾಡಿಗೆಯ ಅಂಕಿ ತೋರಿಸಿದೆ. 'ಅದು ಖರ್ಚು. ನಾನು ಕೇಳಿದ್ದು ಬೇರೆ' ಎಂದು ಹೇಳಿ ಟವೆಲ್ಲು ಒಣಗಿಸಲು ಹೋದರು. ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ.

ಬಾಡಿಗೆಯ ಬಾಬತ್ತನ್ನು ಇನ್ನೊಂದಿಷ್ಟು ಹೆಚ್ಚಿಸಿ ಎಂದು ನಾನು ಶಾಲೆಯ ಆ ಹೆಂಗಸಿಗೆ ಬರೆದೆ. ಎಲ್ಲರಿಗೂ ಒಂದೇ ನಿಯಮ, ಆದರೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಟಿಕೆಟ್ಟನ್ನು ಇಬ್ಬರಿಗೂ ಕೊಡಿಸಲು ಪ್ರಯತ್ನಿಸುತ್ತೇನೆ ಎಂದು ಆಕೆ ಉತ್ತರಿಸಿದಳು. ಕೊಟ್ಟೇಬಿಟ್ಟಳು ಕೂಡ. ಬೇರೆಯವರಾಗಿದ್ದರೆ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದರು. ನನಗೆ ಅದರಲ್ಲಿ ಕಂಡದ್ದು ಮೆತ್ತಗಾದ ಅಂಗಡಿಯವನ ಮುಖ. ಇಷ್ಟು ಇಳಿದವರು ಇನ್ನಷ್ಟು ಇಳಿಯುತ್ತಾರೆ. ಮೆಟ್ಟಿಲು ಇಳಿಯಲು ಇದೇ ಹೊತ್ತು ಎಂದು ಒಳಗಿನಿಂದ ನಮ್ಮಮ್ಮ ಪಿಸುಗುಟ್ಟಿದಳು. ಅಲ್ಲಿನ ಜೀವನದ ಖರ್ಚುವೆಚ್ಚ ನೋಡಿದರೆ ಈ ಕೆಲಸ ಒಪ್ಪಿಕೊಳ್ಳಲು ಆಗುತ್ತಿಲ್ಲ, ವಿಷಾದವಿದೆ ಎಂದು ಚಂದದ ಇಂಗ್ಲಿಷಿನಲ್ಲಿ ಬರೆದು ಇವರಿಗೆ ಓದಿ ಹೇಳಿದೆ. ಇವರ ಮುಖ ಸಣ್ಣದಾಯಿತು.

'ಹಾಗೆ ಬರೀಬೇಡ ಕಣೆ. ನಿಜ ಅಂದ್ಕೊಂಡ್ಬಿಡ್ತಾರೆ.'

'ನಿಮಗೆ ವ್ಯಾಪಾರ ಗೊತ್ತಿಲ್ಲ, ಸುಮ್ನಿರಿ. ನಾಳೆ ಬೆಳಿಗ್ಗೆ ಅವರೇ ಕರೀತಾರೆ ನೋಡಿ' ಎಂದು ಮೇಲ್ ಕಳಿಸಿಬಿಟ್ಟೆ.

ಬೆಳಿಗ್ಗೆ ಉತ್ತರ ಬಂದಿತ್ತು. ನಿಮ್ಮ ಪರಿಸ್ಥಿತಿ ಅರ್ಥವಾಗುತ್ತದೆ, ಮುಚ್ಚುಮರೆಯಿಲ್ಲದೆ ತಿಳಿಸಿದ್ದಕ್ಕೆ ಧನ್ಯವಾದ, ನಿಮಗೆ ಒಳ್ಳೆಯದಾಗಲಿ. ಅಷ್ಟೇ. ನಾನು ಅದನ್ನು ಓದಿ ಮುಗುಳ್ನಕ್ಕೆ, ನಿಮ್ಮಾಣೆ, ನಕ್ಕೆ. ಭಾರಿ ಕಸುಬುದಾರರು, ನಮಗಿಂತ ಗಟ್ಟಿ ಇದ್ದಾರೆ ಎಂದುಕೊಂಡೆ. ಪೇಟೆಯಲ್ಲೂ ಕೆಲವರು ನಾವು ಪಕ್ಕದ ಅಂಗಡಿಯ ತನಕ ಹೋಗಲಿ ಎಂದು ಕಾಯುತ್ತಾರಲ್ಲ. ಫೋನನ್ನು ಕ್ಲಾಸಿನಲ್ಲೂ ಸೆರಗಿನ ಮರೆಯಲ್ಲಿ ಇಟ್ಟುಕೊಂಡು ಓಡಾಡಿದೆ. ಬಂದ ಕರೆಗಳೆಲ್ಲ ಸಾಲ ಬೇಕಾ ಎಂದು ಕೇಳುವವರದ್ದು. ಕೊನೆಗೆ ತಡೆಯಲಾರದೆ ನಾನೇ ಶಾಲೆಯ ಆ ಹೆಂಗಸಿಗೆ ಫೋನ್ ಮಾಡಿದೆ. ಆ ಜಾಗ ತುಂಬಿತು ಎಂದು ಆಕೆ ಅಷ್ಟೇ ಸೌಮ್ಯವಾಗಿ ಹೇಳಿದಳು. ನಿಮ್ಮ ಊರಿನವರೇ, ಮಲ್ಲೇಶ್ವರದವರು, ಕೇಳಿದ ಕೂಡಲೇ ಒಪ್ಪಿಕೊಂಡರು ಎಂದೂ ಸೇರಿಸಿದಳು. ಮಲ್ಲೇಶ್ವರದವರಿಗೆ ಚೌಕಾಸಿ ಬರುವುದಿಲ್ಲ ಎಂದು ನಮ್ಮಮ್ಮ ಯಾವಾಗಲೂ ಆಡಿಕೊಳ್ಳುತ್ತಿದ್ದಳು. ನಿಜವೇ ಇರಬೇಕು.

ಇವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. 'ಹೋಗ್ಲಿ ಬಿಡು. ಅಲ್ಲಿ ಸೊಗಡಿನ ಅವರೆಕಾಯಿ ಸಿಗ್ತಿರ್ಲಿಲ್ಲ' ಎಂದರು. ನನ್ನ ಲೆಕ್ಕದ ಹಾಳೆಯನ್ನು ಮಡಿಸಿ ಇಡುತ್ತ, 'ನಿಂಗೆ ಮೊದ್ಲಿಂದ್ಲೂ ಮನಸ್ಸಿರ್ಲಿಲ್ಲ, ನಂಗೊತ್ತಿತ್ತು. ನನಗೋಸ್ಕರ ಯಾಕೆ ಬಲವಂತವಾಗಿ ಬರ್ಬೇಕು' ಎಂದರು.

ಮನಸ್ಸಿರಲಿಲ್ಲವೇ! ಇವರು ಮಲಗಿದ ಮೇಲೆ ನಾನು ಆ ಕಡಲಿನ ವಿಡಿಯೋಗಳನ್ನು ಸದ್ದು ತೆಗೆದು ನೋಡುತ್ತಿದ್ದೆ. ಉಪ್ಪುಗಾಳಿಗೆ ಹತ್ತಿ ಸೀರೆಯೇ ಸರಿ ಎಂದು ಬೀರುವಿನಲ್ಲಿ ಬೇರೆ ತೆಗೆದಿಟ್ಟಿದ್ದೆ. ಇಷ್ಟು ವರ್ಷ ಒಂದೇ ಬೋರ್ಡಿನ ಮೇಲೆ ಒಂದೇ ಪ್ರಮೇಯ ಸಾಧಿಸಿದವಳಿಗೆ ಬೇರೊಂದು ಊರಿನ ಬೆಳಗು ನೋಡುವ ಆಸೆ ಇವರಿಗಿಂತ ಒಂದು ಗುಂಜಿಯೂ ಕಡಿಮೆಯಿರಲಿಲ್ಲ. ಆದರೆ ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಆಸೆಯನ್ನು ಅಂಗಡಿಯವನಿಂದ ಬಚ್ಚಿಡಲು ಕಲಿತ ಮುಖವನ್ನೇ ಮನೆಯಲ್ಲೂ ಇಟ್ಟುಕೊಂಡು ಓಡಾಡಿದ್ದೆ. ಕೆಲಸ ಹೋದದ್ದಕ್ಕಿಂತ, ಇಷ್ಟು ವರ್ಷ ಜೊತೆಯಲ್ಲಿದ್ದವರಿಗೆ ನನ್ನ ಆಸೆ ಕಾಣದೇ ಹೋಯಿತಲ್ಲ ಎಂದು ಅಳು ಬಂತು. 'ನನಗೂ ಇತ್ತು ರೀ' ಎಂದೆ. ಇವರು ನಂಬಿದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಈಜಲು ಹೋದರು. ಹೋಗಬೇಕಾದ ಕಡಲೇ ಇಲ್ಲದ ಮೇಲೂ ಹೋದರು.

ಮೊನ್ನೆ ಇವರ ಈಜುಕೊಳದ ಪಾಸಿನ ಅವಧಿ ಮುಗಿಯಿತು. ನಾನೇ ಕಟ್ಟಿ ಬರುತ್ತೇನೆ ಎಂದು ಹೊರಟೆ. ಕೌಂಟರಿನಲ್ಲಿದ್ದಾತ ಇವರ ಹಣ ತೆಗೆದುಕೊಂಡು ರಸೀದಿ ಕೊಟ್ಟ. ಯಾಕೋ ಅಲ್ಲೇ ನಿಂತೆ. ಹೆಂಗಸರ ಬ್ಯಾಚ್ ಇದೆಯೇ ಎಂದು ಕೇಳಿದೆ. ಇದೆ ಎಂದು ಅದರ ಶುಲ್ಕ ಹೇಳಿದ. 'ಗಂಡ ಹೆಂಡ್ತಿ ಇಬ್ರೂ ಸೇರಿದ್ರೆ ಏನಾದ್ರೂ ಬಿಡ್ತೀರಾ?' ಎಂದು ಬಾಯಿ ತನ್ನಷ್ಟಕ್ಕೆ ಕೇಳಿತು.

'ಫಿಕ್ಸೆಡ್ ರೇಟು ಮೇಡಂ.'

'ಹಾಗಾದ್ರೆ ಬೇಡ ಬಿಡಿ' ಎಂದೆ. ಸೆರಗು ಸರಿಮಾಡಿಕೊಂಡೆ, ಚಪ್ಪಲಿ ಹುಡುಕಿದೆ, ಬೇಗವೂ ಅಲ್ಲದೆ ನಿಧಾನವೂ ಅಲ್ಲದೆ ಮೆಟ್ಟಿಲು ಇಳಿದೆ. ಕೊನೆಯ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟೆ. ಒಳಗೆ ನೀರಿನ ಸದ್ದು, ಮಕ್ಕಳ ಕೂಗು. ನನ್ನನ್ನು ಯಾರೂ ಕರೆಯಲಿಲ್ಲ. ಆಗ ಹುಟ್ಟಿದಾರಭ್ಯ ಮಾಡದಿದ್ದ ಕೆಲಸವೊಂದನ್ನು ಮಾಡಿದೆ. ಯಾರೂ ಕರೆಯದೆ, ಒಂದು ರೂಪಾಯಿಯೂ ಇಳಿಯದೆ, ನಾನಾಗಿ ಹಿಂದಕ್ಕೆ ತಿರುಗಿ ಮೆಟ್ಟಿಲು ಹತ್ತಿದೆ. 'ನನಗೆ ಬೇಕು' ಎಂದೆ, ತುಸು ಜೋರಾಗಿಯೇ. ಆತ ತಲೆಯೆತ್ತಿ ನೋಡಿದ. ಬರೀ ಈಜಿಗೆ ಈ ಮೇಡಂ ಏಕೆ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ ಎಂದುಕೊಂಡಿರಬೇಕು.

ತಿರುಗಿ ಹತ್ತುವುದಕ್ಕೆ ಅಂಥ ಕಷ್ಟವೇನೂ ಇರಲಿಲ್ಲ. ಆ ದಿನ ಮಸ್ಕತ್ತಿನ ಮೆಟ್ಟಿಲನ್ನೂ ಹೀಗೇ ಹತ್ತಿಬಿಡಬಹುದಿತ್ತು, ಬೆಳಗಾಗುವ ಮೊದಲೇ ಇನ್ನೊಂದು ಮೇಲ್ ಬರೆದು. ಆ ಬುದ್ಧಿ ನನಗೆ ಬರುವ ಹೊತ್ತಿಗೆ, ಚೌಕಾಸಿ ಬಾರದ ಮಲ್ಲೇಶ್ವರದವರು ಯಾರೋ ಕಡಲ ಎದುರು ಕೂತು ನಮ್ಮ ಪಾಲಿನ ಕಾಫಿ ಕುಡಿಯುತ್ತಿದ್ದರು.