ಕೊಕ್ಕರೆ ಕ್ಲಬ್ಬಿನ ಏಳನೆಯ ಆಟಗಾರ

ಶನಿವಾರ ಮಧ್ಯಾಹ್ನ ಒಂದು ಗಂಟೆ ಹನ್ನೊಂದು ನಿಮಿಷಕ್ಕೆ ನಮ್ಮ ಗ್ರಹಚಾರ ಕೆಟ್ಟಿತು. ಗ್ರಹಚಾರ ಕೆಡುವ ಹೊತ್ತನ್ನು ಇಷ್ಟು ಕರಾರುವಾಕ್ಕಾಗಿ ಯಾರು ನೋಡಿಟ್ಟುಕೊಳ್ಳುತ್ತಾರೆ ಎಂದು ನೀವು ಕೇಳಬಹುದು. ನೋಡಿಟ್ಟುಕೊಳ್ಳಲು ಕಾರಣವಿತ್ತು. ಒಂದು ಗಂಟೆಗೆ ಆಗಬೇಕಿದ್ದ ಸೈರನ್ ಆಗಿರಲಿಲ್ಲ. ಸೈರನ್ ಆಗದೆ ನಮಗೆ ವಿರಾಮವಿಲ್ಲ. ಹೀಗಾಗಿ ಮೈದಾನದಲ್ಲಿದ್ದ ಅಷ್ಟೂ ಮಂದಿ ನಡುವಯಸ್ಸಿನ ಗಂಡಸರು ಏದುಸಿರು ಬಿಡುತ್ತ, ಚೆಂಡಿಗಿಂತ ಹೆಚ್ಚಾಗಿ ಕೈಗಡಿಯಾರವನ್ನೇ ನೋಡುತ್ತಿದ್ದೆವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿಷಿಗನ್ನಿನಲ್ಲಿ ನಾವಿರುವ ಆಬರ್ನ್ ಹಿಲ್ಸ್ ಸುತ್ತಮುತ್ತ, ಸುಂಟರಗಾಳಿ ಬಂದರೆ ಜನರನ್ನು ಎಚ್ಚರಿಸಲು ಕಂಬಗಳ ಮೇಲೆ ಸೈರನ್‌ಗಳನ್ನು ಇಟ್ಟಿದ್ದಾರೆ. ಅವು ಕೆಲಸ ಮಾಡುತ್ತವೆಯೋ ಇಲ್ಲವೋ ಎಂದು ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಒಂದಕ್ಕೆ ಊದಿ ನೋಡುತ್ತಾರೆ. ಹೊಸದಾಗಿ ಬಂದವರು ಮೊದಲ ಸಲ ಹೌಹಾರುತ್ತಾರೆ. ನನ್ನ ಅತ್ತೆ ಧಾರವಾಡದಿಂದ ಬಂದ ಹೊಸತರಲ್ಲಿ ಅದನ್ನು ಕೇಳಿ, ಒಲೆ ಆರಿಸಿ, ಗಣಪತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೇಸ್‌ಮೆಂಟಿಗೆ ಇಳಿದು ಕೂತಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ವರ್ಷ ಕಳೆಯುವಷ್ಟರಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಎಚ್ಚರಿಕೆಯನ್ನು ತಪ್ಪದೆ ಕೇಳಿಸಿ ಕೇಳಿಸಿ, ಅದನ್ನು ಅಲಕ್ಷಿಸುವುದರಲ್ಲಿ ಜನರಿಗೆ ಇಷ್ಟು ಒಳ್ಳೆಯ ತರಬೇತಿ ಕೊಟ್ಟ ಊರು ಇನ್ನೊಂದಿರಲಾರದು.

ಈ ಸೈರನ್ನಿಗೂ ವಿರಾಮಕ್ಕೂ ಗಂಟು ಹಾಕಿದವರು ಡೋರು. ನಮ್ಮ ಮನೆಯಿಂದ ಎರಡು ಮನೆ ಆಚೆಗಿರುವ ರೊಮೇನಿಯಾದ ಹಿರಿಯರು. ಕಾರಿನ ಬಿಡಿಭಾಗಗಳಿಗೆ ಅಚ್ಚು ಮಾಡುವ ಕೆಲಸ ಮಾಡಿ ನಿವೃತ್ತರಾದವರು. ತಮ್ಮ ದೇಶ ಬಿಟ್ಟು ಡೆಟ್ರಾಯಿಟ್‌ಗೆ ಬಂದ ಹೊಸದರಲ್ಲಿ ಗೆಳೆಯರನ್ನು ಕಟ್ಟಿಕೊಂಡು ಚರ್ಚಿನ ಹಿತ್ತಲಲ್ಲಿ ಒಂದು ಫುಟ್‌ಬಾಲ್ ಕ್ಲಬ್ ಶುರುಮಾಡಿದ್ದರು. ಹೆಸರು ಬರ್ಜಾ. ರೊಮೇನಿಯನ್ ಭಾಷೆಯಲ್ಲಿ ಹಾಗೆಂದರೆ ಕೊಕ್ಕರೆ. ಅವರ ಹಳ್ಳಿಗಳಲ್ಲಿ ಕೊಕ್ಕರೆ ಮನೆಯ ಹೊಗೆಗೂಡಿನ ಮೇಲೆ ಗೂಡು ಕಟ್ಟಿದರೆ ಮನೆಗೆ ಒಳ್ಳೆಯದಾಗುತ್ತದಂತೆ. ಹಾರಿಹೋದದ್ದು ಮರುವರ್ಷ ಅದೇ ಗೂಡಿಗೆ ಬರುತ್ತದಂತೆ. ನಮ್ಮ ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲೂ ಹಾಗೆಯೇ, ಬಾಣಂತನಕ್ಕೆ ಬಂದ ಮಗಳು ಎಂದು ಉಪಚರಿಸುತ್ತಾರೆ ಎಂದು ನಾನು ಹೇಳಿದಾಗ ಡೋರು ನನ್ನನ್ನು ಅಪ್ಪಿಕೊಂಡುಬಿಟ್ಟರು. "ಇಂಜಿನಿಯರ್, ನೀನು ನಮ್ಮವನು" ಎಂದರು. ಅವರ ಮನೆಯಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ತೊಳಸಿ ಮಾಡಿದ ಮಮಲಿಗ ಎಂಬ ಹಳದಿ ಮುದ್ದೆಯನ್ನು ತಟ್ಟೆಗೆ ಹಾಕಿದಾಗ ನನಗೂ ಹಾಗೆಯೇ ಅನ್ನಿಸಿತು. ಸಾರೊಂದು ಇರಲಿಲ್ಲ, ಅಷ್ಟೆ.

ಕ್ಲಬ್ಬಿಗೂ ಒಳ್ಳೆಯ ಕಾಲವಿತ್ತಂತೆ. ಎರಡೆರಡು ತಂಡ, ಭಾನುವಾರದ ಪೂಜೆ ಮುಗಿಸಿ ನೇರವಾಗಿ ಮೈದಾನಕ್ಕೆ ಬರುವ ಸಂಸಾರಗಳು, ಇದ್ದಿಲ ಮೇಲೆ ಮಿಚ್ ಎಂಬ ಮಾಂಸದ ಉಂಡೆಗಳನ್ನು ಸುಡುವ ಹೆಂಗಸರು. ಶಿಕಾಗೋ ಕಡೆಯ ರೊಮೇನಿಯನ್ ತಂಡವೊಂದನ್ನು ಸೋಲಿಸಿ ತಂದ ಹಿತ್ತಾಳೆಯ ಟ್ರೋಫಿ ಡೋರುವಿನ ಗರಾಜಿನಲ್ಲಿ ಫ್ರಿಜ್ಜಿನ ಮೇಲೆ ಈಗಲೂ ಇದೆ. ಆ ತಂಡದೊಂದಿಗೆ ವರ್ಷಕ್ಕೊಂದು ಪಂದ್ಯ ತಪ್ಪಿದ್ದೇ ಇಲ್ಲ. ಆಮೇಲೆ ಮಕ್ಕಳು ದಂತವೈದ್ಯರಾದರು, ವಕೀಲರಾದರು, ಹಿಮ ಬೀಳದ ರಾಜ್ಯಗಳಿಗೆ ಹೋದರು. ಅಪ್ಪಂದಿರ ಮಂಡಿಗಳು ಕೈಕೊಟ್ಟವು. ತಂಡಕ್ಕೆ ಜನ ಸಾಲದೆ ಡೋರು ಬೀದಿಯಲ್ಲಿ ನಿಂತು ಹುಡುಕುತ್ತಿದ್ದ ಕಾಲದಲ್ಲಿ, ಯಾರದೋ ಮಗುವಿನ ಚೆಂಡು ಉರುಳಿಬಂದದ್ದನ್ನು ನಾನು ಎಡಗಾಲಿನಲ್ಲಿ ಒದ್ದೆ. ಬಲಗೈಯಲ್ಲಿ ಕಸದ ಚೀಲ, ಎಡಗೈಯಲ್ಲಿ ಕಾಫಿ ಇತ್ತು, ಬೇರೆ ದಾರಿಯಿರಲಿಲ್ಲ. ಡೋರು ಅದರಲ್ಲಿ ಪ್ರತಿಭೆ ಕಂಡರು. ನನ್ನನ್ನು ಹಿಂಬಾಲಿಸಿ ಬೆಂಗಳೂರಿನ ಮಂಜು ಬಂದ. ಮಂಜುವಿನ ಹಿಂದೆ ನಮ್ಮ ಕನ್ನಡ ಕೂಟದ ಅರ್ಧ ಗಂಡಸರು ಬಂದರು. ಹೀಗೆ ಕೊಕ್ಕರೆ ಕ್ಲಬ್ಬಿಗೆ ಎರಡನೆಯ ಏಳಿಗೆ ಬಂತು. ಒಂದು ಬೇಸಿಗೆಯಲ್ಲಂತೂ ನಮಗಿಂತ ವಯಸ್ಸಾದವರನ್ನೆಲ್ಲ ಸಾಲಾಗಿ ಸೋಲಿಸಿದೆವು.

ತಿಂಗಳ ಮೊದಲ ಶನಿವಾರ ನಮ್ಮೊಳಗೇ ಪಂದ್ಯ: ಅವರು ಒಂದು ಕಡೆ, ನಾವು ಒಂದು ಕಡೆ, ಡೋರು ರೆಫರಿ. ಅವರು ತಮ್ಮವರ ಪರವಾಗಿ ಗಡಿಯಾರ ಹಿಂದುಮುಂದು ಮಾಡುತ್ತಾರೆ ಎಂದು ಮಂಜು ಗಲಾಟೆ ಎಬ್ಬಿಸಿದ. "ಸರಿ, ಸರ್ಕಾರದ ಸೈರನ್ ಆದಾಗಲೇ ವಿರಾಮ. ಅದಕ್ಕೆ ನೀನೂ ಸೋದರನಲ್ಲ, ನಾನೂ ಅಲ್ಲ" ಎಂದು ಡೋರು ತೀರ್ಪು ಕೊಟ್ಟರು. ಅಂದಿನಿಂದ ಸೈರನ್ ಆದರೆ ನೀರು, ಮಿಚ್, ಪುಳಿಯೋಗರೆ.

ಆ ಶನಿವಾರ ಬೆಳಿಗ್ಗೆಯಿಂದಲೇ ಮೋಡ. ಹವಾಮಾನ ಕೆಟ್ಟಿದ್ದರೆ ಜನ ಗೊಂದಲಕ್ಕೆ ಬೀಳಬಾರದೆಂದು ಪರೀಕ್ಷೆಯನ್ನು ರದ್ದು ಮಾಡುತ್ತಾರೆ ಎಂಬುದು ನಮಗೆ ಆಮೇಲೆ ಗೊತ್ತಾಯಿತು. ಒಂದು ಗಂಟೆ ಆಯಿತು, ಸೈರನ್ ಇಲ್ಲ. ಮಂಜು ಗೋಲಿನ ಬಳಿಯಿಂದ ಕೂಗಿದ: "ಅಂಕಲ್, ಬಿಟ್ಬಿಡಿ, ಹಸಿವು!" ಡೋರು ಬೆರಳಾಡಿಸಿ, ಕಾನೂನು ಕಾನೂನೇ ಎಂದರು. ಒಂದು ಹನ್ನೊಂದಕ್ಕೆ ಸೈರನ್ ಕೂಗಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹೌದು, ಚಪ್ಪಾಳೆ. "ಇಂಡಿಯನ್ ಟೈಮ್ ಗುರು, ಇವ್ರಿಗೂ ಬಂತು" ಎಂದ ಮಂಜು. ಎಲ್ಲರೂ ಊಟಕ್ಕೆಂದು ಹಾಕಿದ್ದ ಡೇರೆಯ ಕಡೆ ನಡೆದೆವು.

ನನ್ನ ಹೆಂಡತಿ ಶಾರದೆ ತಟ್ಟೆಗಳನ್ನು ಹಂಚುತ್ತಿದ್ದವಳು ನಿಂತಳು. "ಅಲ್ರೀ, ಟೆಸ್ಟ್ ಇಷ್ಟೊತ್ತು ಹೊಡ್ಕೋತದೇನ್ರಿ?"

"ತಡವಾಗಿದೆಯಲ್ಲ, ಬಡ್ಡಿ ಸೇರಿಸಿ ಊದ್ತಿದ್ದಾರೆ" ಎಂದೆ. ಎಲ್ಲರೂ ನಕ್ಕರು. ನಾನು ಹೇಳಿದ ಹಾಸ್ಯಗಳಲ್ಲಿ ಎಲ್ಲರೂ ನಕ್ಕದ್ದು ಅದೊಂದಕ್ಕೇ.

"ನಗೂದು ಸಾಕು, ಮ್ಯಾಲೆ ನೋಡ್ರಿ. ಆಕಾಶ ಹಸರಾಗೇದ!"

ಆಕಾಶ ನಿಜವಾಗಿಯೂ ಕೊಳೆತ ಕೆರೆಯ ನೀರಿನ ಬಣ್ಣಕ್ಕೆ ತಿರುಗಿತ್ತು. ಅದರ ಬೆನ್ನಿಗೇ ಗಾಳಿ ಬಂತು. ಮೈದಾನವಿದ್ದ ಉದ್ಯಾನದಲ್ಲಿ ಇಟ್ಟಿಗೆಯಿಂದ ಕಟ್ಟಿದ್ದ ಜಾಗ ಒಂದೇ, ಶೌಚಾಲಯ. ಅದರಲ್ಲಿ ಗಂಡಸರ ಭಾಗಕ್ಕೆ ಬೀಗ. ಎರಡು ದೇಶಗಳ ಫುಟ್‌ಬಾಲ್ ತಂಡಗಳು ಹೆಂಗಸರ ಶೌಚಾಲಯದೊಳಗೆ ಒಬ್ಬರ ಮೇಲೊಬ್ಬರು ತುಂಬಿಕೊಂಡವು. ಕೊನೆಯಲ್ಲಿ ನುಗ್ಗಿದ ನಾನು ಬಾಗಿಲ ಬಳಿ ಇದ್ದೆ. ಹೊರಗೆ ಡೋರು ಒಬ್ಬರೇ ಉಳಿದಿದ್ದರು. ಇದ್ದಿಲ ಒಲೆಯ ಮೇಲಿನ ಡೇರೆ ಹಾರದಂತೆ ಅದರ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದರು. ನಾನು ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಆಗ ಡೇರೆ ಎದ್ದಿತು. ಅದರೊಂದಿಗೆ ಡೋರು ಎದ್ದರು. ಎಪ್ಪತ್ತು ದಾಟಿದ, ತುಂಬುಮೈಯ ಆ ಮನುಷ್ಯನ ಎರಡು ಕಾಲುಗಳೂ ನೆಲದಿಂದ ಮೇಲಿದ್ದವು. ಅವರ ಹಿಂದೆ ಗೋಲಿನ ಚೌಕಟ್ಟು ಮಗುಚಿಕೊಂಡು, ಬಲೆಯನ್ನು ಎಳೆಯುತ್ತ, ಅವರು ನಿಂತಿದ್ದ ಜಾಗದ ಮೇಲೆಯೇ ಉರುಳಿಹೋಯಿತು.

ಸುಂಟರಗಾಳಿ ಒಂದು ಮೈಲಿ ಆಚೆಯಿಂದ ಹೋಗಿತ್ತಂತೆ. ನಮ್ಮನ್ನು ಸೋಕಿದ್ದು ಅದರ ಸೆರಗು. ಡೋರು ಹುಲ್ಲಿನ ಮೇಲೆ ಬಿದ್ದಿದ್ದರು. ಭುಜದ ಮೂಳೆ ಮುರಿದಿತ್ತು. ನೆಲದ ಮೇಲೆಯೇ ನಿಂತಿದ್ದರೆ ಆ ಚೌಕಟ್ಟು ಏನು ಮಾಡುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೇಳದಿದ್ದರೂ ನನಗೆ ಗೊತ್ತಿತ್ತು. ಏಕೆಂದರೆ ನನ್ನ ಹೊಟ್ಟೆಪಾಡೇ ಅದು. ಕಾರು ಗೋಡೆಗೆ ಗುದ್ದಿದಾಗ ಒಳಗೆ ಕೂತ ಬೊಂಬೆಗೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ನಾನು ಸುರಕ್ಷತೆಯ ಇಂಜಿನಿಯರ್. ಸೈರನ್ನಿಗೆ ಚಪ್ಪಾಳೆ ತಟ್ಟಿದ ಸುರಕ್ಷತೆಯ ಇಂಜಿನಿಯರ್. ಆಫೀಸಿನಲ್ಲಿ ಸಂಬಳಕ್ಕೆ ಮಾಡುವ ಕೆಲಸವನ್ನು ನನ್ನ ತಲೆ ಮನೆಯಲ್ಲಿ ಪುಕ್ಕಟೆಯಾಗಿ ಮಾಡತೊಡಗಿತು. ಕಣ್ಣು ಮುಚ್ಚಿದರೆ ಡೋರು ಮೇಲೇಳುತ್ತಿದ್ದರು. ಬೊಂಬೆಗೆ ಮುಖವಿರುವುದಿಲ್ಲ, ಇವರಿಗಿತ್ತು. ಫೋನಿಗೆ ಮೂರು ಹವಾಮಾನದ ಆ್ಯಪ್ ಹಾಕಿಕೊಂಡೆ. ಮೂರೂ ಬೇರೆಬೇರೆ ಹೇಳಿದರೆ ಅತಿ ಕೆಟ್ಟದ್ದನ್ನು ನಂಬುತ್ತಿದ್ದೆ. ಪಕ್ಕದ ಮನೆಯವರು ಕಸದ ತೊಟ್ಟಿ ಎಳೆದರೆ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ. "ನೀವು ಎದ್ದು ಕುಂತಾಗೆಲ್ಲಾ ನನಗೂ ಎಚ್ಚರ ಆಗ್ತದರೀ. ನಿಮಗರ ಗಾಳಿ ಅಂಜಿಕಿ, ನನಗ ನಿಮ್ಮ ಅಂಜಿಕಿ" ಎನ್ನುತ್ತಿದ್ದಳು ಶಾರದೆ. ಹೀಗೆ ಮನೆಯಲ್ಲಿ ಇಬ್ಬರಿಗೂ ನಿದ್ದೆ ಹೋಯಿತು.

ಅತ್ತ ಕ್ಲಬ್ಬೂ ಹೋಗುತ್ತಿತ್ತು. ರೊಮೇನಿಯನ್ ಹೆಂಗಸರು ಸಾಕುಮಾಡಿ ಎಂದರು. ನಮ್ಮವರಲ್ಲಿ ಕೆಲವರು ಪಿಕಲ್‌ಬಾಲ್ ಎಂಬ ಬ್ಯಾಟು-ಚೆಂಡಿನ ಆಟಕ್ಕೆ ಸೇರಿದರು. "ಒಳಗಡೆ ಆಡೋದು ಗುರು, ಮೇಲೆ ಕಾಂಕ್ರೀಟ್ ಇದೆ" ಎಂದು ನನ್ನನ್ನೂ ಕರೆದವರಿದ್ದರು. ನಾನು ಅದಕ್ಕೂ ಹೋಗಲಿಲ್ಲ. ಕಾಂಕ್ರೀಟ್ ಬೀಳುವುದನ್ನೂ ಆಫೀಸಿನಲ್ಲಿ ನೋಡಿದ್ದೇನೆ.

ಒಂದು ಸಂಜೆ ಡೋರು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಕೈ ಇಳಿಬಿಟ್ಟುಕೊಂಡು ಬಂದರು. ಶಿಕಾಗೋ ಕಡೆಯವರೊಂದಿಗಿನ ವಾರ್ಷಿಕ ಪಂದ್ಯ ಈ ಸಲ ಶಿಕಾಗೋ ಪಕ್ಕದ ಅರೋರಾದಲ್ಲಿ. ಏಳು ಜನರಾದರೂ ಇಳಿಯದಿದ್ದರೆ ಪಂದ್ಯವಿಲ್ಲ. ಅವರ ಕೈಯಲ್ಲಿ ಆರು ಜನರಿದ್ದರು.

"ಇಂಜಿನಿಯರ್, ಕ್ಲಬ್ ಮುಗಿಯುತ್ತೆ, ನನಗೆ ಗೊತ್ತು. ಮುಗಿಯಲಿ. ಆದರೆ ಫೋನಿನಲ್ಲಿ 'ಬರೋಕಾಗಲ್ಲ' ಅಂತ ಹೇಳಿ ಮುಗಿಸಬಾರದು. ಮೈದಾನದಲ್ಲಿ ಮುಗೀಬೇಕು."

ನಾನು ಆಗುವುದಿಲ್ಲ ಎಂದೆ. ಮಂಡಿ ನೋವು ಎಂದೆ. ಶಾರದೆ ಒಳಗಿನಿಂದ, "ಯಾವ ಮಂಡೀ ಅಂತ ಕೇಳ್ರಿ ಅಂಕಲ್, ಹೇಳ್ಲಿಕ್ಕೆ ಬರೂದಿಲ್ಲ ಅವರಿಗೆ" ಎಂದು ಇಂಗ್ಲಿಷ್ ಬೆರೆಸಿ ಕೂಗಿದಳು. ಡೋರು ನಕ್ಕರು, ಭುಜ ನೊಂದು ಮುಖ ಕಿವುಚಿದರು. ಆಗ ನಾನು ಅಷ್ಟು ದಿನ ಕೇಳಲಾಗದೆ ಉಳಿದದ್ದನ್ನು ಕೇಳಿಬಿಟ್ಟೆ: "ಮೇಲೆ ಎದ್ದಿರಲ್ಲ, ಆಗ ಏನನ್ನಿಸಿತು?"

ಅವರು ಯೋಚಿಸಿದರು. "ಮಿಚ್ ತಿರುವಿಹಾಕಿರಲಿಲ್ಲ. ಒಂದು ಮಗ್ಗುಲು ಸೀದುಹೋಗುತ್ತೆ ಅನ್ನಿಸಿತು."

"ಹೆದರಿಕೆ?"

"ಟೈಮ್ ಎಲ್ಲಿತ್ತು?"

ಅವರು ಹೋದ ಮೇಲೆ ನನಗೆ ಲೆಕ್ಕ ಹೊಳೆಯಿತು. ಆ ಗಳಿಗೆಯಲ್ಲಿ ಹೆದರಿಕೊಳ್ಳಬೇಕಾಗಿದ್ದವರಿಗೆ ಪುರುಸೊತ್ತಿರಲಿಲ್ಲ. ಬಾಗಿಲಲ್ಲಿ ಸುರಕ್ಷಿತವಾಗಿ ನಿಂತು ನೋಡಿದವನು ಅವರ ಪಾಲಿನದನ್ನೂ ತಾನೇ ಹೊತ್ತುಕೊಂಡು ಬಂದಿದ್ದ. ಅವರಿಗೆ ಆ ಗಾಳಿ ಒಮ್ಮೆ ಬೀಸಿ ಹೋಯಿತು. ನನಗೆ ದಿನವೂ ಬೀಸುತ್ತಿದೆ. ಅವರಿಗೆ ಮುರಿದದ್ದು ಮೂಳೆ, ಕೂಡಿಕೊಳ್ಳುತ್ತದೆ. ನೋಡಿದ್ದಕ್ಕೆ ಹಾಕುವ ಪಟ್ಟಿಯನ್ನು ಯಾವ ಡಾಕ್ಟರೂ ಕೊಡುವುದಿಲ್ಲ. ಆದರೂ ಆ ಮುದುಕರು ಒಂಟಿಗೈಯಲ್ಲಿ ನಮ್ಮ ಬಾಗಿಲಿಗೆ ಬಂದು ಕೇಳಿದ್ದು ಒಬ್ಬ ಮನುಷ್ಯನನ್ನು, ಅಷ್ಟೆ. ಅದೂ ಆಟ ಚೆನ್ನಾಗಿ ಬರುವವನನ್ನಲ್ಲ, ಏಳನೆಯವನನ್ನು.

ಅರೋರಾಕ್ಕೆ ಹೊರಟೆವು. ಅಲ್ಲಿನ ದೇವಸ್ಥಾನದಲ್ಲಿ ಬಾಲಾಜಿ ದರ್ಶನವೂ ಆಗುತ್ತದೆ ಎಂಬ ಕಾರಣಕ್ಕೆ ಮಂಜುವಿನ ಹೆಂಡತಿ ಅವನನ್ನು ಕಳಿಸಿಕೊಟ್ಟಿದ್ದಳು. ದೇವಸ್ಥಾನದಲ್ಲಿ ಡೋರು ನಮಗಿಂತ ಭಕ್ತಿಯಿಂದ ನಿಂತರು. ಕೆಳಗಿನ ಕ್ಯಾಂಟೀನಿನಲ್ಲಿ ಮೊಸರನ್ನ ತಿಂದು, ಇದರಲ್ಲಿ ಮಾಂಸ ಎಲ್ಲಿ ಎಂದು ಮೆಲ್ಲಗೆ ಕೇಳಿದರು. ಮೈದಾನಕ್ಕೆ ಬಂದಾಗ ಆ ಕಡೆ ಹನ್ನೊಂದು ಜನ ಗಟ್ಟಿಮುಟ್ಟಾಗಿ ನಿಂತಿದ್ದರು, ಈ ಕಡೆ ನಾವು ಏಳು. ನಾನು ಮೊದಲು ಗೋಲಿನ ಚೌಕಟ್ಟಿನ ಹತ್ತಿರ ಹೋಗಿ ಅದನ್ನು ನೆಲಕ್ಕೆ ಬಿಗಿದಿದ್ದಾರೆಯೇ ಎಂದು ಅಲ್ಲಾಡಿಸಿ ನೋಡಿದೆ. ಎದುರಾಳಿಗಳು ಅದನ್ನು ಏನೋ ಭಾರತೀಯ ಪೂಜೆ ಎಂದುಕೊಂಡು ಮೌನವಾಗಿ ಕಾದರು.

ಆಮೇಲೆ ಓಡಿದ್ದೊಂದೇ ನೆನಪು. ಏಳು ಜನ ಹನ್ನೊಂದು ಜನರ ಎದುರು ಆಡುವಾಗ ಆಕಾಶ ನೋಡಲು ಬಿಡುವಿರುವುದಿಲ್ಲ. ಎಷ್ಟು ಗೋಲು ತಿಂದೆವೆಂದರೆ ಕೊನೆಗೆ ಅವರೇ ಸಂಕೋಚಪಟ್ಟು ಹೊರಗೆ ಒದೆಯತೊಡಗಿದರು. ಮುಗಿಯಲು ಸ್ವಲ್ಪ ಮುಂಚೆ ಮಂಜು ಉಳುಕಿದ ಕಾಲನ್ನು ಎಳೆಯುತ್ತ ಹೊರಗೆ ಹೊರಟ. ಅವನು ಹೋದರೆ ಆರು. ಅಲ್ಲಿಗೆ ಪಂದ್ಯ ನಿಲ್ಲುತ್ತದೆ. "ಲೋ, ಅಲ್ಲೇ ಕೂತ್ಕೊಳೋ, ಗೆರೆ ದಾಟ್ಬೇಡ!" ಎಂದು ನಾನು ಕಿರುಚಿದೆ. ಅವನು ಗೋಲಿನ ಮುಂದೆ ಕಾಲು ಚಾಚಿ ಕೂತ. ಕೂತೇ ಒಂದು ಚೆಂಡನ್ನು ಎದೆಯಿಂದ ತಡೆದ. ಕೊನೆಯ ಸೀಟಿ ಊದಿದಾಗ ಡೋರು ಒಂದೇ ಕೈಯಲ್ಲಿ ಎಲ್ಲರ ಕೈ ಕುಲುಕಿದರು, ಕೊಕ್ಕರೆಯ ಚಿತ್ರದ ಬಾವುಟವನ್ನು ಮಡಿಚಿ ಬಗಲಿಗೆ ಸಿಕ್ಕಿಸಿಕೊಂಡರು. "ಪೂರ್ತಿ ಆಡಿದೆವು" ಎಂದರು. ಅವರ ಕ್ಲಬ್ಬು ಮುಗಿದದ್ದು ಹಾಗೆ. ಅವರು ಅಳುತ್ತಾರೆ ಎಂದುಕೊಂಡಿದ್ದೆ. ಅತ್ತದ್ದು ನಾನು, ಬೆವರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಅಂದು ನಾನೂ ಜೊತೆಗೆ ಬಂದಿದ್ದ ಶಾರದೆಯೂ ಹತ್ತಿರದ ವೆಸ್ಟ್‌ಮಂಟ್‌ನಲ್ಲಿರುವ ಅವಳ ಅಕ್ಕನ ಮನೆಯಲ್ಲಿ ಉಳಿದೆವು. ಊಟ ಮಾಡಿದ್ದು ನೆನಪಿದೆ, ಎದ್ದದ್ದು ನೆನಪಿಲ್ಲ. ಕಣ್ಣು ಬಿಟ್ಟಾಗ ಭಾನುವಾರದ ಬಿಸಿಲು ಮುಖದ ಮೇಲಿತ್ತು. ಕೆಳಗಿಳಿದು ಬಂದರೆ ಮನೆಯವರೆಲ್ಲ ಕೆಂಪು ಕಣ್ಣು ಮಾಡಿಕೊಂಡು ಕಾಫಿ ಕುಡಿಯುತ್ತಿದ್ದರು. ಕಿಟಕಿಯಾಚೆ ಹಿತ್ತಲಿನ ಮರದ ಅರ್ಧ ನೆಲದ ಮೇಲಿತ್ತು.

"ಎದ್ರೇನಪಾ ಕುಂಭಕರ್ಣ?" ಎಂದರು ಶಾರದೆಯ ಅಕ್ಕ. "ರಾತ್ರಿ ಎಂಥಾ ಗಾಳಿ! ಫೋನೆಲ್ಲಾ ಒಟ್ಟಿಗೇ ಒದರಿಕೊಂಡ್ವು. ನಾವೆಲ್ಲಾ ಬೇಸ್‌ಮೆಂಟಿನ್ಯಾಗ ಕುಂತಿದ್ವಿ."

"ನನ್ನನ್ನ ಯಾಕೆ ಎಬ್ಬಿಸಲಿಲ್ಲ?"

"ಎಬ್ಬಿಸಲಿಲ್ಲ ಅಂತೀರಲ್ರೀ!" ಎಂದಳು ಶಾರದೆ. "ನಾನೊಂದು ಕೈ, ನಮ್ಮ ಭಾವ ಒಂದು ಕೈ ಹಿಡದು ಜಗ್ಗಿದ್ವಿ. ಜಪ್ಪಯ್ಯ ಅಂದ್ರೂ ಏಳಲಿಲ್ಲ. ಇಷ್ಟು ದಿನಕ್ಕ ಮಲಗ್ಯಾರ, ಹೋಗ್ಲಿ ಬಿಡ್ರಿ ಅಂತ ನಿಮ್ಮ ಮ್ಯಾಲೆ ಎರಡು ದಿಂಬು ಇಟ್ಟು ಕೆಳಗ ಹೋದ್ವಿ."

ಛಾವಣಿ ಕುಸಿದರೆ ಎರಡು ದಿಂಬುಗಳು ಎಷ್ಟು ಪೆಟ್ಟನ್ನು ತಡೆದಾವು ಎಂಬುದನ್ನು ಲೆಕ್ಕ ಹಾಕಿ ಹೇಳುವುದು ನನ್ನ ವೃತ್ತಿ. ಬಾಯಿಗೆ ಬಂದಿತ್ತು. ಆದರೆ ಆ ಮನೆಯಲ್ಲಿ ರಾತ್ರಿಯಿಡೀ ನಿದ್ದೆ ಮಾಡಿದವನು ನಾನೊಬ್ಬನೇ ಎಂಬುದು ನೆನಪಾಗಿ, ಸುರಕ್ಷತೆಯ ವಿಷಯ ಎತ್ತುವುದೇ ಅಪಾಯ ಅನ್ನಿಸಿತು. ಒಂದು ಲೋಟ ಕಾಫಿ ಕೇಳಿ ಸುಮ್ಮನೆ ಕೂತೆ.