ಭಾವ ಬರೆದ ಮುಳ್ಳುಬೇಲಿ

ನಮ್ಮ ಭಾವನ ಮನೆಗೆ ಕಳ್ಳ ನುಗ್ಗುವುದು ಕಷ್ಟವಲ್ಲ, ನುಗ್ಗಿದವನು ಹೊರಗೆ ಬರುವುದು ಕಷ್ಟ! ಹನಗೋಡಿನ ಆ ಮನೆಯ ಗೇಟಿಗೆ ಒಂದು ಬೀಗ, ಅದು ಸಾಲದೆಂದು ಸರಪಳಿ, ಸರಪಳಿಯನ್ನೂ ನಂಬದೆ ಮೇಲೊಂದು ತಂತಿ. ಒಮ್ಮೆ ತಾವೇ ಬಿಚ್ಚಲಾರದೆ ಬೇಲಿ ಹಾರಿ ಪಂಚೆ ಹರಿದುಕೊಂಡರು. "ನೋಡ್ದಾ, ನಂಗೇ ಆಗ್ನಿಲ್ಲ ಅಂದ್ಮೇಲೆ ಕಳ್ಳನ್ಗಾಯ್ತದಾ?" ಎಂದು ನನ್ನನ್ನೇ ಕೇಳಿದರು. ಇಂಥವರಿಗೆ ಏನು ಹೇಳುತ್ತೀರಿ?

ಹುಣಸೂರಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದ ಮೇಲೆ ಅವರ ಕಣ್ಣು ಅಕ್ಕನ ಬ್ಯಾರನ್ ಮೇಲೆ ಬಿತ್ತು. ಬ್ಯಾರನ್ ಎಂದರೆ ಹೊಗೆಸೊಪ್ಪು ಹದಮಾಡುವ ಗೂಡು. ಕಾವು ಮೆಲ್ಲಗೆ ಏರಿದರೆ ಎಲೆ ಬಂಗಾರದ ಬಣ್ಣ, ದಡಬಡ ಏರಿದರೆ ಕಸ. ಆ ಗೂಡಿನಲ್ಲಿರುವುದೇ ಅಕ್ಕನ ವರ್ಷದ ದುಡಿಮೆ. ಒಲೆಗೆ ಗಾಳಿ ಊದುವ ಫ್ಯಾನನ್ನು ಫೋನಿನಿಂದಲೇ ಆಡಿಸುವ ಪೆಟ್ಟಿಗೆಯೊಂದನ್ನು ಭಾವ ಮಾಡಿದರು, ಅದಕ್ಕೆ ಕೋಡ್ ಬರೆದರು.

ಬರೆದರು ಅಂದರೆ ಸುಮ್ಮನೆಯೇ? ತಪ್ಪು ಕಂಡರೆ ಹಳೆಯದನ್ನು ತೆಗೆಯುತ್ತಿರಲಿಲ್ಲ. ಬೇಲಿ ಸಡಿಲವಾದಾಗ ಹಳೆ ಮುಳ್ಳಿನ ಮೇಲೆ ಹೊಸ ಮುಳ್ಳು ಒಗೆಯುವ ಹಾಗೆ ಇನ್ನಷ್ಟು ಹೇರುತ್ತಿದ್ದರು. ನಾನೂ ಅಷ್ಟಿಷ್ಟು ಕೋಡ್ ಬಲ್ಲವನು. ಇಣುಕಿ ನೋಡಿದರೆ ತಲೆ ತಿರುಗಿತು.

"ಬ್ಯಾಡದ್ದ ತೆಗುದ್ಬುಡಿ ಭಾವ."

"ತೆಗುದ್ರೆ ಇನ್ನೇನ್ ಮುರಿತದೋ ಯಾರ್ಗೊತ್ತು? ಅರ್ಥ ಆಗ್ದೇ ಇರೋದೇ ಸೇಫು ಕಣಯ್ಯ."

"ನಾಳೆ ನಿಮ್ಗೇ ಅರ್ಥ ಆಗ್ದಿದ್ರೆ?"

"ಬರ್ದೋನು ನಾನಲ್ವಾ?"

ಅಂದು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಈ ವರ್ಷ ಪಕ್ಕದ ಹೊಲದ ಗೌಡರಿಗೂ ಅಂಥದೇ ಪೆಟ್ಟಿಗೆ ಮಾಡಿಕೊಟ್ಟರು. ಅಕ್ಕನ ಎಲೆ ಹಳದಿಗೆ ತಿರುಗುತ್ತಿದ್ದ ಮಧ್ಯಾಹ್ನ, ನಮ್ಮ ಗೂಡಿನ ಕಾವು ತಾನಾಗಿ ಏರತೊಡಗಿತು. ನಾನು ಫೋನಿನಲ್ಲಿ ಇಳಿಸಿದೆ, ಅದು ಮತ್ತೆ ಏರಿತು. ಅಕ್ಕ ಗಾಬರಿಯಿಂದ ಗೌಡರನ್ನು ಕೂಗಿ ಕೇಳಿದಳು.

"ನಂದು ಏರ್ತಾನೇ ಇಲ್ಲ ಕಣವ್ವ," ಎಂದರು ಗೌಡರು, ಫೋನು ಹಿಡಿದು. "ಆಗ್ಲಿಂದ ಒತ್ತುತಾನೇ ಇವ್ನಿ."

ಅವರು ಒತ್ತುತ್ತಿದ್ದಾರೆ, ಬೇಯುತ್ತಿರುವುದು ನಮ್ಮದು! ಯಾವ ಫೋನು ಹೇಳಿದರೂ ಕೇಳುವ ಹಾಗೆ, ಪರೀಕ್ಷೆಗೆಂದು ಬಿಟ್ಟಿದ್ದೇನೆ ಎಂದು ಭಾವನೇ ಎಂದೋ ಹೇಳಿದ್ದ ಕಂಡಿಯೊಂದು ಅಷ್ಟೆಲ್ಲ ಕೋಡಿನ ಅಡಿಯಲ್ಲಿ ಹಾಗೇ ಉಳಿದಿತ್ತು. ಗೌಡರು ಕೈಬಿಟ್ಟರೂ, ಅವರು ಒತ್ತಿದ್ದೆಲ್ಲ ಒಳಗೆ ಸಾಲುಗಟ್ಟಿ ಒಂದೊಂದಾಗಿ ನಡೆಯುತ್ತಿತ್ತು. ಪೆಟ್ಟಿಗೆಯ ವೈರ್ ಕಿತ್ತೆ. ಫ್ಯಾನು ನಿಲ್ಲಲಿಲ್ಲ. ಕಳ್ಳ ವೈರ್ ಕಿತ್ತಾನೆಂದು ಪುಣ್ಯಾತ್ಮರು ಒಳಗೆ ಬ್ಯಾಟರಿ ಇಟ್ಟಿದ್ದರು.

ಅಕ್ಕ ಒಲೆಯಿಂದ ಉರಿಯುವ ಸೌದೆ ಎಳೆಯತೊಡಗಿದಳು. ನಾನು ಮನೆಯಲ್ಲಿದ್ದ ಭಾವನ ಹತ್ತಿರ ಓಡಿದೆ. ಅವರು ಲ್ಯಾಪ್‌ಟಾಪ್ ಮುಂದೆ ಕುಳಿತು ನಮ್ಮ ಕೂಗಾಟ ಕೇಳಿ ಆಗಲೇ ಕೋಡನ್ನು ಮೇಲೆ ಕೆಳಗೆ ಸರಿಸುತ್ತಿದ್ದರು.

"ಆ ಕಂಡಿ ಎಲ್ಲದೆ ಭಾವ?"

"ಯಾವನ್ಲಾ ಇದ ಬರ್ದೋನು?" ಎಂದರು.

ತಮಾಷೆ ಎಂದುಕೊಂಡೆ. ಮುಖ ನೋಡಿದೆ, ತಮಾಷೆಯಲ್ಲ. ಬರೆದವರು ತಾವೇ ಎಂಬುದು ಅವರಿಗೆ ನಿಜಕ್ಕೂ ನೆನಪಿರಲಿಲ್ಲ.

"ಇಷ್ಟೊಂದ್ ಎದ್ರುಕೊಂಡು ಬರ್ದವ್ನಲ್ಲ, ಪಾಪ," ಎಂದು ಅವರು ಮತ್ತೆ ಹುಡುಕತೊಡಗಿದರು.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಎಲೆ ಆಗಲೇ ಕಂದಿ ಹೋಗಿತ್ತು. ಅವಳು ಮಸಿಗೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಲ್ಯಾಪ್‌ಟಾಪ್ ಮುಚ್ಚಿ, ಭಾವನ ಪಕ್ಕ ಕುಳಿತಳು.

"ಎಲೆ ಓಯ್ತು, ಓಗ್ಲಿ ಬುಡಿ ಕಣ್ರೀ," ಎಂದಳು. "ನೀವು ಮಾತ್ರ ಎಲ್ಲೂ ಓಗ್ಬ್ಯಾಡಿ."